ಆದರ್ಶ ನಗರಿಗೆ ಲೆಕ್ಕ ಕೇಳಿದಾಗ

ಕಲ್ಲಿಪೊಲಿಸ್‌ಗೆ ಬಸ್ಸಿಲ್ಲ, ಹಡಗೂ ಇಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ಮಾತಿನಿಂದಲೇ ಕಟ್ಟಿ ಮಾತಿನಲ್ಲೇ ಉಳಿಸಿದ ಊರು ಅದು. ಒಂದು ಇಟ್ಟಿಗೆಯನ್ನೂ ಇಡದೆ ಇಪ್ಪತ್ತಮೂರು ಶತಮಾನಕ್ಕೂ ಮಿಕ್ಕಿ ಬಾಳಿರುವ ಈ ನಗರಿಗೆ ಚರಂಡಿಯ ಚಿಂತೆಯಿಲ್ಲ, ತೆರಿಗೆ ಬಾಕಿಯ ಗೋಳಿಲ್ಲ. ಹಾಗಾಗಿ ನೀತಿ ಮಾತಾಡಲು ಬೇಕಾದಷ್ಟು ಪುರುಸೊತ್ತು. ಸಂದರ್ಶನಕ್ಕೆ ಅದು ಹಾಕಿದ ಷರತ್ತು ಒಂದೇ: ಬರುವವರು ಕವಿಗಳಾಗಿರಬಾರದು.

ಪ್ರಶ್ನೆ: ನಿಮ್ಮಲ್ಲಿ ನಾಲ್ಕು ಸದ್ಗುಣಗಳಿವೆ ಎಂದು ಲೋಕಪ್ರಸಿದ್ಧಿ. ಯಾವುದು ಯಾರ ಬಳಿ ಇದೆ, ಸ್ವಲ್ಪ ಹೇಳುತ್ತೀರಾ?

ನಗರಿ: ಧಾರಾಳವಾಗಿ. ವಿವೇಕ ಆಳುವವರಲ್ಲಿದೆ, ಅವರು ಬೆರಳೆಣಿಕೆಯ ಮಂದಿ. ಧೈರ್ಯ ಸೈನಿಕರಲ್ಲಿದೆ. ಉಣ್ಣೆಯನ್ನು ಹದಮಾಡಿ ಬಣ್ಣಕ್ಕೆ ಅದ್ದಿದರೆ ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ ನೋಡಿ, ಕಾನೂನು ಹೇಳಿದ್ದನ್ನು ಅವರ ಮನಸ್ಸಿಗೆ ಹಾಗೆ ಹಿಡಿಸಿದ್ದೇನೆ. ಭಯಕ್ಕೂ ಸುಖಕ್ಕೂ ಅದು ಮಾಸದು. ಸಂಯಮ ಎಲ್ಲರಲ್ಲೂ ಇದೆ. ಯಾರು ಆಳಬೇಕು ಎಂಬ ವಿಷಯದಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಒಮ್ಮತ. ಈ ಮೂರನ್ನು ಎತ್ತಿಟ್ಟ ಮೇಲೆ ಉಳಿದದ್ದು ನ್ಯಾಯ: ಅವರವರ ಕೆಲಸ ಅವರವರು ಮಾಡುವುದು, ಇನ್ನೊಬ್ಬರ ಕೆಲಸಕ್ಕೆ ತಲೆಹಾಕದಿರುವುದು.

ಪ್ರಶ್ನೆ: ಉಳಿದದ್ದೇ ನ್ಯಾಯ ಎನ್ನುವ ಈ ಲೆಕ್ಕದ ಮೇಲೇ ನನಗೆ ಅನುಮಾನ. ಗುಣಗಳು ನಾಲ್ಕೇ ಎಂದು ಮೊದಲೇ ನಿರ್ಧರಿಸಿಕೊಂಡು, ಮೂರು ಸಿಕ್ಕಿದ ಕೂಡಲೇ ನಾಲ್ಕನೆಯದೂ ಸಿಕ್ಕಿತೆಂದು, ನಿಮ್ಮ ಪುಸ್ತಕದಲ್ಲಿ ಚರ್ಚೆ ನಡೆಸುವ ಸಾಕ್ರೆಟಿಸ್ ಹಿಗ್ಗುತ್ತಾನೆ. ಅದು ಮೊದಲಿನಿಂದಲೂ ನಮ್ಮ ಕಾಲಬುಡದಲ್ಲೇ ಉರುಳಾಡುತ್ತಿತ್ತು ಎನ್ನುತ್ತಾನೆ. ಐದನೆಯದೊಂದು ಇರಬಹುದೇ ಎಂದು ಆ ಇಡೀ ಕೂಟದಲ್ಲಿ ಒಬ್ಬನೂ ಕೇಳಲಿಲ್ಲ. ನಿಮ್ಮ ಊರಿನ ಚಪ್ಪಲಿ ಹೊಲಿಯುವವನ ಪಾಲಿಗೆ ಏನು ಬಂತೆಂದು ನೋಡೋಣ. ವಿವೇಕ ಅವನದಲ್ಲ, ಧೈರ್ಯವೂ ಅವನದಲ್ಲ. ಸಂಯಮದಲ್ಲಿ ಅರ್ಧ ಪಾಲು ಇದೆ, ಅದೂ ತಲೆಯಾಡಿಸುವ ಅರ್ಧ. ಇನ್ನು ನ್ಯಾಯ ಎಂದರೆ ಕೂತ ಜಾಗ ಬಿಟ್ಟು ಏಳದಿರುವುದು. ಆಳುವವರ ವಿವೇಕ ಒಂದು ದಿನ ಹಳಿ ತಪ್ಪಿದರೆ ಅದನ್ನು ಹೇಳುವವರು ಯಾರು? ಅವನು ಬಾಯಿಬಿಟ್ಟರೆ ತನ್ನದಲ್ಲದ ಕೆಲಸಕ್ಕೆ ತಲೆಹಾಕಿದಂತಾಯಿತು; ನಿಮ್ಮ ವ್ಯಾಖ್ಯೆಯ ಪ್ರಕಾರ ಅವನೇ ಅನ್ಯಾಯ ಮಾಡಿದವನು. ಉಳಿದ ಮೂರು ಗುಣಗಳಲ್ಲಿ ತಪ್ಪು ಹುಡುಕಲಾಗದ ನ್ಯಾಯವನ್ನು ನಾನು ಶಿಸ್ತು ಎಂದು ಕರೆದೇನು, ನ್ಯಾಯ ಎಂದು ಕರೆಯಲಾರೆ.

ನಗರಿ: ಚಪ್ಪಲಿಯವನೂ ಬಡಗಿಯೂ ಉಳಿ–ಬಾಚಿ ಅದಲು ಬದಲು ಮಾಡಿಕೊಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಆಳಲು ಹೊರಟರೆ ಮಾತ್ರ ಊರು ಹಾಳು. ಮತ್ತೆ, ನಾನು ಹುಟ್ಟನ್ನೇ ನೆಚ್ಚಿಕೊಂಡವಳಲ್ಲ. ಕಬ್ಬಿಣದವರ ಮನೆಯಲ್ಲಿ ಚಿನ್ನದ ಕೂಸು ಹುಟ್ಟಿದರೆ ಅದನ್ನು ಮೇಲಕ್ಕೆ ಕರೆದುಕೊಳ್ಳುತ್ತೇನೆ. ನನ್ನಲ್ಲಿ ಹೆಂಗಸರೂ ಆಳಬಹುದು. ನಿಮ್ಮ ಮೆಚ್ಚಿನ ಅಥೆನ್ಸಿನಲ್ಲಿ ಇದಿತ್ತೇ?

ಪ್ರಶ್ನೆ: ಇರಲಿಲ್ಲ. ಆ ಮಾತಿಗೆ ನಿಮಗೆ ಪೂರ್ತಿ ಅಂಕ. ಆದರೆ ಕೂಸು ಚಿನ್ನವೋ ಕಬ್ಬಿಣವೋ ಎಂದು ಉಜ್ಜಿ ನೋಡುವ ಒರೆಗಲ್ಲು ಯಾರ ಕೈಯಲ್ಲಿದೆ? ಆಳುವವರ ಕೈಯಲ್ಲೇ. ಆಳುವವರ ಆತ್ಮದಲ್ಲಿ ಚಿನ್ನ, ದುಡಿಯುವವರ ಆತ್ಮದಲ್ಲಿ ಕಬ್ಬಿಣ ಎಂಬ ಈ ಲೋಹದ ಕತೆ ಊರಿನ ಒಳಿತಿಗಾಗಿ ಹೇಳುವ ಸುಳ್ಳು ಎಂದು ನಿಮ್ಮ ಪುಸ್ತಕವೇ ಒಪ್ಪಿಕೊಳ್ಳುತ್ತದೆ. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಚಾತುರ್ವರ್ಣ್ಯವನ್ನು ಕುಟ್ಟುವಾಗ ನಿಮ್ಮನ್ನೂ ಎಳೆದು ತಂದಿದ್ದಾರೆ. ಮನುಷ್ಯರನ್ನು ಮೂರು ಗೋಣಿಗಳಲ್ಲಿ ತುಂಬಲಾಗದು, ಒಬ್ಬೊಬ್ಬನೂ ಬೇರೆಯೇ ಎಂಬುದು ಅವರ ಆಕ್ಷೇಪದ ತಿರುಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗರಿ: ನನ್ನ ಆಳುವವರಿಗೆ ಸ್ವಂತ ಮನೆಯಿಲ್ಲ, ಹೊಲವಿಲ್ಲ, ಊಟ ಸಾಮೂಹಿಕ ಪಂಕ್ತಿಯಲ್ಲಿ. ಆತ್ಮದಲ್ಲೇ ಚಿನ್ನವಿರುವುದರಿಂದ ಹೊರಗಿನ ಚಿನ್ನ ಮುಟ್ಟುವಂತಿಲ್ಲ. ಅನ್ಯಾಯ ಮಾಡಿ ಅವರಿಗೆ ಬರುವುದಾದರೂ ಏನು?

ಪ್ರಶ್ನೆ: ಚಿನ್ನದ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ನೀವು ಹುಟ್ಟಿದ ಮನೆ ಪಿರೇಯಸ್ ಬಂದರಿನಲ್ಲಿತ್ತು. ಸಿರಾಕ್ಯೂಸ್‌ನಿಂದ ಬಂದು ನೆಲೆಸಿದ, ಅಥೆನ್ಸಿನ ಪೌರತ್ವವಿಲ್ಲದ ಕೆಫಲಸನ ಮನೆತನ. ಗುರಾಣಿ ತಯಾರಿಸುವ ಕಾರ್ಖಾನೆ ಅವರದು. ಸಾಕ್ರೆಟಿಸ್ ನ್ಯಾಯದ ಚರ್ಚೆಗೆ ಕೂತದ್ದು ಕೆಫಲಸನ ಮಗ ಪೊಲೆಮಾರ್ಕಸನ ಮನೆಯಲ್ಲಿ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಮೂವತ್ತು ಮಂದಿಯ ಕೈಗೆ ಸಿಕ್ಕಿತು. ಊರಿನ ಅನ್ಯಾಯಗಾರರನ್ನು ತೊಳೆದು, ಉಳಿದವರನ್ನು ಸದ್ಗುಣ ಮತ್ತು ನ್ಯಾಯದ ಕಡೆಗೆ ತಿರುಗಿಸುತ್ತೇವೆ ಎಂದು ಅವರು ಸಾರಿದರೆಂದು ಪೊಲೆಮಾರ್ಕಸನ ತಮ್ಮ ಲಿಸಿಯಾಸ್ ನ್ಯಾಯಾಲಯದಲ್ಲಿ ಹೇಳಿದ್ದಾನೆ. ಪೊಲೆಮಾರ್ಕಸನನ್ನು ದಾರಿಯಲ್ಲಿ ಹಿಡಿದರು. ಅಪರಾಧ ಏನೆಂದೂ ಹೇಳದೆ ವಿಷ ಕುಡಿಸಿದರು. ಅವರಲ್ಲೊಬ್ಬ ಆ ಮನೆಗೆ ನುಗ್ಗಿ, ಅವನ ಹೆಂಡತಿಯ ಕಿವಿಯಿಂದ ಚಿನ್ನದ ಓಲೆ ಕಿತ್ತುಕೊಂಡ. ಆ ಮೂವತ್ತರ ಮುಂದಾಳು ಕ್ರಿಟಿಯಾಸ್ ಪ್ಲೇಟೋನ ತಾಯಿಯ ಕಡೆಯ ನೆಂಟ. ಇಷ್ಟೆಲ್ಲ ಆದಮೇಲೆ ಬರೆದ ಪುಸ್ತಕಕ್ಕೆ ಪ್ಲೇಟೋ ಆ ಮನೆಯನ್ನೇ ಏಕೆ ಆರಿಸಿಕೊಂಡ? ಓದುವ ಅಥೆನ್ಸಿನವರಿಗೆ ಆ ಓಲೆ ನೆನಪಾಗದೆ ಇದ್ದೀತೇ?

ನಗರಿ: ಅವರು ನನ್ನವರಲ್ಲ! ದುರಾಸೆಯ ಪುಂಡರು. ನನ್ನವರು ಐವತ್ತು ವರ್ಷದವರೆಗೆ ಕಲಿತು, ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟು, ಬೇಡ ಬೇಡವೆನ್ನುತ್ತಲೇ ಅಧಿಕಾರಕ್ಕೆ ಬರುವವರು.

ಪ್ರಶ್ನೆ: ಒಪ್ಪಿದೆ, ನಿಮ್ಮವರಲ್ಲ. ನಿಮ್ಮ ಚಪ್ಪಲಿಯವನಿಗೆ ಈ ವ್ಯತ್ಯಾಸ ಗೊತ್ತಾಗುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ. ಇಬ್ಬರೂ ಸದ್ಗುಣದ ಹೆಸರಲ್ಲೇ ಬರುತ್ತಾರೆ, ಇಬ್ಬರೂ ಅವನಿಗೆ ನಿನ್ನ ಕೆಲಸ ನೀನು ನೋಡಿಕೋ ಎನ್ನುತ್ತಾರೆ. ನಿಮ್ಮಷ್ಟು ಚೆಲುವಿಲ್ಲದ, ಗದ್ದಲದ ಅಥೆನ್ಸಿನ ಬಳಿ ಇದಕ್ಕೊಂದು ಉಪಾಯವಿತ್ತು. ಅಧಿಕಾರದ ಅವಧಿ ಮುಗಿದ ಕೂಡಲೇ ಪ್ರತಿಯೊಬ್ಬ ಅಧಿಕಾರಿಯೂ ಲೆಕ್ಕ ಒಪ್ಪಿಸಬೇಕು. ಯಾವ ನಾಗರಿಕನಾದರೂ ಎದ್ದುನಿಂತು ದೂರು ಕೊಡಬಹುದು. ಕ್ರಿ.ಪೂ. 403ರಲ್ಲಿ ಊರು ರಾಜಿಯಾದಾಗ ಆ ಮೂವತ್ತರಲ್ಲಿ ಬದುಕುಳಿದವರಿಗೂ ಒಂದು ದಾರಿ ಇಟ್ಟರು: ಲೆಕ್ಕ ಕೊಟ್ಟರೆ ಕ್ಷಮೆ ಉಂಟು. ನಿಮ್ಮ ನಾಲ್ಕರ ಪಟ್ಟಿಯಲ್ಲಿ ಇಲ್ಲದ ಗುಣ ಇದೇ. ವಿವೇಕ, ಧೈರ್ಯ, ಸಂಯಮಗಳು ಬಂದು ಸಾಮಾನ್ಯನೆದುರು ಉತ್ತರ ಹೇಳುವ ಕಟಕಟೆ ಇದ್ದಲ್ಲಿ ಮಾತ್ರ ನ್ಯಾಯವಿರುತ್ತದೆ.

ನಗರಿ: ಭೇಷ್! ಲೆಕ್ಕ ಕೇಳುವ ಆ ಊರೇ ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನಿಗೆ ವಿಷ ಕೊಟ್ಟದ್ದು. ಕಟಕಟೆಯ ಮಾತು ನನಗೆ ಹೇಳಬೇಡಿ.

ಪ್ರಶ್ನೆ: ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇದು. ಆದರೆ ಆ ತೀರ್ಪು ಕೊಟ್ಟವರು ಯಾರು? ಚೀಟಿ ಎತ್ತಿ ಆರಿಸಿದ ನೂರಾರು ನ್ಯಾಯದರ್ಶಿಗಳು. ಅಥೆನ್ಸಿನಲ್ಲಿ ಅಧಿಕಾರ ಚಲಾಯಿಸಿಯೂ ಲೆಕ್ಕ ಕೊಡಬೇಕಿಲ್ಲದವರು ಅವರು. ಅರಿಸ್ಟೋಫನೀಸ್ ಕ್ರಿ.ಪೂ. 422ರ ‘ಕಣಜಗಳು’ ನಾಟಕದಲ್ಲಿ ಒಬ್ಬ ಮುದಿ ನ್ಯಾಯದರ್ಶಿಯ ಬಾಯಲ್ಲಿ ಇದೇ ಜಂಬ ಕೊಚ್ಚಿಸಿದ್ದಾನೆ: ಬೇರೆಲ್ಲರಿಗೂ ಲೆಕ್ಕವುಂಟು, ನಮಗಿಲ್ಲ. ಮತ ಹಾಕಿ, ಮೂರು ಓಬೊಲ್ ಭತ್ಯೆ ಎಣಿಸಿಕೊಂಡು ಮನೆಗೆ ಹೋದವನನ್ನು ಹೀಗೇಕೆ ಮಾಡಿದೆ ಎಂದು ಯಾರೂ ಕೇಳುವಂತಿರಲಿಲ್ಲ. ಕೇಳುವವರಿದ್ದರೆ ಸಾಕ್ರೆಟಿಸ್ ಉಳಿಯುತ್ತಿದ್ದ ಎಂದು ನಾನು ಪಣ ಕಟ್ಟುವುದಿಲ್ಲ; ಕೇಳುವವರೂ ಅದೇ ಊರಿನವರೇ ತಾನೇ. ಆದರೂ ಆ ಊರು ಎಡವಿದ್ದು ಲೆಕ್ಕವೇ ಇಲ್ಲದ ಜಾಗದಲ್ಲಿ. ಕೊನೆಯ ಪ್ರಶ್ನೆ. ಸಲಾಮಿಸ್‌ನ ಲಿಯಾನ್ ಎಂಬವನನ್ನು ಕೊಲ್ಲಲು ಹಿಡಿದು ತನ್ನಿ ಎಂದು ಆ ಮೂವತ್ತು ಮಂದಿ ಐವರಿಗೆ ಆಜ್ಞೆ ಮಾಡಿದರು. ಐವರಲ್ಲಿ ಒಬ್ಬ ಸಾಕ್ರೆಟಿಸ್. ಆಳುವವರು ವಹಿಸಿದ ಕೆಲಸ ಅದು. ನಿಮ್ಮ ವ್ಯಾಖ್ಯೆಯಂತೆ ಅವನು ಏನು ಮಾಡಬೇಕಿತ್ತು?

ನಗರಿ: ಅದು... ಅದು ಅವನ ಕೆಲಸವಾಗಿರಲಿಲ್ಲ.

ಪ್ರಶ್ನೆ: ಹಾಗೆಂದು ತೀರ್ಮಾನ ಮಾಡಿದವರು ಯಾರು?

ನಗರಿ: ಅವನೇ. ಸಂದರ್ಶನದ ಸಮಯ ಮುಗಿಯಿತು.

ಉಳಿದ ನಾಲ್ವರು ಸಲಾಮಿಸ್‌ಗೆ ಹೋಗಿ ಲಿಯಾನ್‌ನನ್ನು ಹಿಡಿದು ತಂದರು, ಅವನನ್ನು ಕೊಂದದ್ದೂ ಆಯಿತು. ಸಾಕ್ರೆಟಿಸ್ ಅವರ ಜೊತೆ ಹೋಗದೆ ತನ್ನ ಮನೆಗೆ ಹೋದ.