ಓಜಿಆರ್‌ಟುಓಜಿಆರ್ ಸಾಹೇಬರಿಗೊಂದು ಬಹಿರಂಗ ಪತ್ರ

ವಿಷಯ: ತಾವು ಬೈಯುವುದರ ಬಗ್ಗೆ ಅಲ್ಲ, ಬೈಯದೆ ಸುಮ್ಮನಿರುವುದರ ಬಗ್ಗೆ.

ಮಾನ್ಯರೇ,

ನಕಾಶೆಯ ಫೈಲುಗಳನ್ನು ಒಂದು ನಮೂನೆಯಿಂದ ಇನ್ನೊಂದಕ್ಕೆ ಇಳಿಸಿಕೊಡುವ ತಾವು ಸಾಮಾನ್ಯರಲ್ಲ. 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಶುರು ಮಾಡಿದ ಜಿಡಾಲ್ ಮನೆತನದವರು. ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದ ಒಳಮನೆಯಲ್ಲೂ ನಿಮ್ಮವರದೇ ದರ್ಬಾರು. ಇಷ್ಟೆಲ್ಲ ಮಾಡಿಯೂ ಒಂದು ಕಾಸು ಕೇಳುವವರಲ್ಲ. ದೂರುವ ಹಕ್ಕು ನಮಗಿಲ್ಲ, ನಿಜ. ಆದರೆ ಅರ್ಜಿ ಬರೆಯುವುದು ನಮ್ಮ ಹುಟ್ಟುಗುಣ.

ಲೋಕವೆಲ್ಲ ಇರುವ ಫೈಲನ್ನು ಮೊದಲು ಹೇಳಿ, ಆಗಬೇಕಾದ್ದನ್ನು ಆಮೇಲೆ ಹೇಳುತ್ತದೆ. ನಿಮ್ಮ ಒಡಹುಟ್ಟಿದ ಜಿಡಾಲ್‌ವಾರ್ಪ್ ಕೂಡ ಹಾಗೆಯೇ. ತಾವು ಮಾತ್ರ ಕೂಸು ಹುಟ್ಟುವ ಮುಂಚೆ ಕುಲಾವಿ ಕೇಳುವವರು. 2025ರ 3.11ನೇ ಆವೃತ್ತಿಯಲ್ಲಿ ಬಂದ ಹೊಸ ‘ಜಿಡಾಲ್’ ಕಮಾಂಡ್ ಈ ಕ್ರಮವನ್ನು ನೆಟ್ಟಗೆ ಮಾಡಿತು. ತಾವು ಕದಲಲಿಲ್ಲ.

ಇರಲಿ. ನಿರ್ದೇಶಾಂಕ ಪದ್ಧತಿಗಳ ಕಡತವಾದ ಪ್ರಾಜ್.ಡಿಬಿ ಸರಿಯಿಲ್ಲವೆಂದು ತಾವು ಕೆಂಪಾಗುವುದನ್ನು ನಾನು ದೂರುವುದಿಲ್ಲ. ಬೇರೆ ಯಾವುದೋ ತಂತ್ರಾಂಶ ಇನ್‌ಸ್ಟಾಲ್ ಆಗುವಾಗ ಪ್ರಾಜ್_ಲಿಬ್ ಎಂಬ ವೇರಿಯಬಲನ್ನು ಆ ಕಡತದ ತನ್ನ ಹಳೆಯ ಪ್ರತಿಯ ಕಡೆ ತಿರುಗಿಸಿಟ್ಟಿರುತ್ತದೆ. ‘ಇದು ಇನ್ನೊಂದು ಪ್ರಾಜ್‌ನದು’ ಎಂದು ತಾವೇ ಬಾಯಿಬಿಟ್ಟು ಹೇಳುತ್ತೀರಿ. ಆ ವೇರಿಯಬಲ್ ತೆಗೆದು ಹೊಸ ಟರ್ಮಿನಲ್ ತೆರೆದರೆ ಮುಗಿಯಿತು. ಶೇಪ್‌ಫೈಲಿನ ಜೊತೆಗಿರಬೇಕಾದ ಎಸ್‌ಎಚ್‌ಎಕ್ಸ್ ಫೈಲು ಕಳೆದುಹೋದಾಗಲೂ ಅಷ್ಟೇ, ಬೈಗುಳದ ಜೊತೆಗೇ ಮದ್ದನ್ನೂ ಹೇಳುತ್ತೀರಿ. ಇಂಥ ಬೈಗುಳಕ್ಕೆ ಕೈಮುಗಿಯಬೇಕು.

ಅರ್ಜಿಯ ಸಂಕಟ ಬೇರೆ. ಒಂದು ಸಿಎಸ್‌ವಿ ಪಟ್ಟಿಯಲ್ಲಿ ಅಕ್ಷಾಂಶದ ಕಾಲಮ್ಮನ್ನು ಎಕ್ಸ್ ಎಂದೂ ರೇಖಾಂಶವನ್ನು ವೈ ಎಂದೂ ಅದಲುಬದಲು ಮಾಡಿ ತಮ್ಮ ಕೈಗಿಟ್ಟರೆ ಏನಾಗುತ್ತದೆ? ಬೆಂಗಳೂರು ಇರುವುದು 12.97 ಉತ್ತರ, 77.59 ಪೂರ್ವದಲ್ಲಿ. ಇವನ್ನು ತಿರುಗಿಸಿದರೆ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರ. ಮೆಜೆಸ್ಟಿಕ್ ಬಸ್ ನಿಲ್ದಾಣ ಆರ್ಕ್ಟಿಕ್ ನೀರಿನಲ್ಲಿ ತೇಲುತ್ತಿದ್ದರೂ ತಾವು ತುಟಿಪಿಟಕ್ ಎನ್ನುವುದಿಲ್ಲ!

ಇನ್ನು ಟಿ_ಎಸ್‌ಆರ್‌ಎಸ್, ಎ_ಎಸ್‌ಆರ್‌ಎಸ್ ಎಂಬ ತಮ್ಮ ಅವಳಿ ಆಯ್ಕೆಗಳು. ಮೊದಲನೆಯದು ಲೆಕ್ಕ ಹಾಕಿ ಅಂಕಿಗಳನ್ನೇ ಬದಲಿಸುತ್ತದೆ, ಎರಡನೆಯದು ಬರಿಯ ಹಣೆಪಟ್ಟಿ ಅಂಟಿಸುತ್ತದೆ. ಯುಟಿಎಂನಲ್ಲಿ ಮೀಟರುಗಳಲ್ಲಿ ಬರೆದ ಅಂಕಿಗಳ ಮೇಲೆ ಡಿಗ್ರಿ ಲೆಕ್ಕದ 4326ರ ಹಣೆಪಟ್ಟಿ ಹಚ್ಚಿ ಎಂದರೆ ತಾವು ಹಚ್ಚಿಬಿಡುತ್ತೀರಿ. ಅಕ್ಷಾಂಶ 90ಕ್ಕೆ ಮುಗಿಯುತ್ತದೆಂದು ಹೈಸ್ಕೂಲು ಹುಡುಗರಿಗೂ ಗೊತ್ತು. ತಮ್ಮ ದಫ್ತರದಲ್ಲಿ ಬೆಂಗಳೂರು 14 ಲಕ್ಷ ಡಿಗ್ರಿ ಉತ್ತರಕ್ಕಿದ್ದರೂ ಅಡ್ಡಿಯಿಲ್ಲ.

ಕನ್ನಡದ ಗತಿಯನ್ನೂ ಹೇಳಿಬಿಡುತ್ತೇನೆ. ಶೇಪ್‌ಫೈಲ್ ಬರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಾವಾಗಿ ಹೇಳದಿದ್ದರೆ ತಾವು ಪಶ್ಚಿಮ ಯುರೋಪಿನ ಅಕ್ಷರಮಾಲೆ ಹಿಡಿದು ಕೂರುತ್ತೀರಿ. ಹೊಸದುರ್ಗ, ಹಾನಗಲ್ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಊರು ಯಾವುದೆಂದು ನಕಾಶೆಯೇ ನಮ್ಮನ್ನು ಕೇಳುತ್ತದೆ!

ಸಾಹೇಬರು ಬದಲಾಗುವ ಸೂಚನೆ ಇಲ್ಲ. ಆದ್ದರಿಂದ ಓದುಗರಲ್ಲೇ ಬಿನ್ನಹ: ಪ್ರತಿ ಪರಿವರ್ತನೆಯಾದ ಮೇಲೆ ಓಜಿಆರ್‌ಇನ್ಫೋ ಓಡಿಸಿ ‘ಎಕ್ಸ್‌ಟೆಂಟ್’ ಎಂಬ ಸಾಲು ನೋಡಿ. ಡಿಗ್ರಿ ಲೆಕ್ಕದಲ್ಲಿ ಪ್ರತಿ ಜೋಡಿಯ ಮೊದಲ ಅಂಕಿ 74ರಿಂದ 78.5ರೊಳಗೆ, ಎರಡನೆಯದು 11.5ರಿಂದ 18.5ರೊಳಗೆ ಇದ್ದರೆ ನೀವು ಹೆಚ್ಚುಕಮ್ಮಿ ಕರ್ನಾಟಕದಲ್ಲೇ ಇದ್ದೀರಿ.

ಇಂತಿ,
ಕಮಾಂಡ್ ಲೈನಿನ ಒಬ್ಬ ಅರ್ಜಿದಾರ