ಲೈಬಂಟ ಲಕ್ಷಣ: ದಾನಿಸಂಬಂಧ ತಂತ್ರಾಂಶದ ಮೀಮಾಂಸೆ

ದಾನ ಕೊಟ್ಟವನ ಪುಣ್ಯದ ಬಗ್ಗೆ ಧರ್ಮಶಾಸ್ತ್ರಗಳು ಧಾರಾಳವಾಗಿ ಬರೆದಿವೆ. ಹೋದ ವರ್ಷ ಕೊಟ್ಟು ಈ ವರ್ಷ ಸುಮ್ಮನಾದವನ ವಿಷಯದಲ್ಲಿ ಅವು ಅಷ್ಟು ಉತ್ಸಾಹ ತೋರಿಲ್ಲ. ಆ ಕೊರತೆಯನ್ನು ಅಮೆರಿಕದ ನಿಧಿಸಂಗ್ರಹ ಪಂಡಿತರು ತುಂಬಿಕೊಟ್ಟರು. ‘ಹೋದ ವರ್ಷ ಕೊಟ್ಟ, ದುರದೃಷ್ಟವಶಾತ್ ಈ ವರ್ಷ ಇಲ್ಲ’ ಎಂಬ ಲಕ್ಷಣವುಳ್ಳ ದಾನಿ ಅವರ ಪರಿಭಾಷೆಯಲ್ಲಿ ‘ಲೈಬಂಟ್’. ಹಿಂದೆ ಯಾವಾಗಲೋ ಕೊಟ್ಟು ಕೈತೊಳೆದುಕೊಂಡವನು ‘ಸೈಬಂಟ್’. ಈ ‘ದುರದೃಷ್ಟವಶಾತ್’ ಟೀಕಾಕಾರರ ಸೇರ್ಪಡೆಯಲ್ಲ, ಮೂಲ ಸಂಕ್ಷೇಪದೊಳಗೇ ಅಡಗಿದೆ. ದಾನಿಗಳ ಲೆಕ್ಕವಿಡಲು 2005ರಲ್ಲಿ ಬಂದ ಮುಕ್ತ ತಂತ್ರಾಂಶ ಸಿವಿಸಿಆರ್‌ಎಂನಲ್ಲಿ ಈ ಎರಡು ಹೆಸರಿನ ಸಿದ್ಧ ವರದಿಗಳೇ ಇವೆ. ಗುಂಡಿ ಒತ್ತಿದರೆ ಕೈಕೊಟ್ಟವರ ಪಟ್ಟಿ ಹಾಜರು.

ಲಕ್ಷ್ಯವನ್ನು ಇಷ್ಟು ಚೆನ್ನಾಗಿ ಗುರುತಿಸಿದ ಪಂಡಿತರು ರಸವನ್ನು ಮಾತ್ರ ಮರೆತರು. ಇಲ್ಲಿ ಭರತನ ನೆರವು ಬೇಕು. ನಾಟ್ಯಶಾಸ್ತ್ರದ ಅಷ್ಟನಾಯಿಕೆಯರು ಎಂಟು ಮಂದಿ ಹೆಂಗಸರೆಂದು ಇಲ್ಲಿಯವರೆಗೆ ತಿಳಿಯಲಾಗಿತ್ತು. ಅವರು ವಾಸ್ತವವಾಗಿ ಒಂದೇ ಸೇವಾಸಂಸ್ಥೆಯ ಎಂಟು ಅವಸ್ಥೆಗಳು. ಮಾರ್ಚ್ ತಿಂಗಳಲ್ಲಿ ತೆರಿಗೆ ವಿನಾಯಿತಿಯ 80ಜಿ ರಸೀದಿ ಪುಸ್ತಕ ಬಿಚ್ಚಿಟ್ಟು ಬಾಗಿಲು ನೋಡುತ್ತ ಕೂತ ಸಂಸ್ಥೆ ವಾಸಕಸಜ್ಜಾ. ವೇದಿಕೆಯ ಮೇಲೆ ಲಕ್ಷ ಘೋಷಿಸಿ ಹೋದವನು ಮತ್ತೆ ಫೋನೇ ಎತ್ತದಿದ್ದರೆ ಅದು ವಿಪ್ರಲಬ್ಧಾ. ತಂತ್ರಾಂಶವೂ ವಾಗ್ದಾನಕ್ಕೊಂದು, ಬಂದ ಹಣಕ್ಕೊಂದು ಎಂದು ದಾಖಲೆ ಬೇರೆಯಾಗಿಯೇ ಇಟ್ಟಿದೆ. ತನ್ನ ದಾನಿಯ ಫೋಟೋವನ್ನು ಪಕ್ಕದ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಕಂಡರೆ ಖಂಡಿತಾ. ಬ್ಯಾಂಕಿನಿಂದ ತಿಂಗಳು ತಿಂಗಳೂ ತಾನಾಗಿ ಹಣ ಬರುತ್ತಿದ್ದರೆ ಸ್ವಾಧೀನಭರ್ತೃಕಾ, ಅವಳ ಸುಖವೇ ಸುಖ.

ಪ್ರೋಷಿತಭರ್ತೃಕೆಯ ಪಾಡು ತುಸು ವಿಸ್ತಾರ ಬೇಡುತ್ತದೆ. ದಾನಿ ಅಮೆರಿಕಕ್ಕೆ ಹೋಗಿದ್ದಾನೆ. ಭಾರತದ ಪಾಸ್‌ಪೋರ್ಟ್ ಇರುವ ತನಕ ಅವನ ಹಣ ಸ್ವದೇಶಿ. ಅಲ್ಲಿನ ಪೌರತ್ವ ಪಡೆದ ಮರುದಿನ ಅದೇ ಮನುಷ್ಯನ ಅದೇ ನೂರು ಡಾಲರ್ ‘ವಿದೇಶಿ ದೇಣಿಗೆ’. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎಯ, ನೋಂದಣಿ ಬೇಕು. 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಗೇ ಬಂದಿಳಿಯಬೇಕು. ವಿರಹಕ್ಕೆ ಐಎಫ್‌ಎಸ್‌ಸಿ ಕೋಡ್ ಸಿಕ್ಕಿದ್ದು ಸಾಹಿತ್ಯದಲ್ಲಿ ಇದೇ ಮೊದಲು. ಹಾಗಾಗಿ ತಂತ್ರಾಂಶದಲ್ಲಿ ಹುಟ್ಟುಹಬ್ಬದ ಕಾಲಂ ಖಾಲಿ ಬಿದ್ದಿದ್ದರೂ ನಡೆದೀತು, ಪೌರತ್ವದ ಕಾಲಂ ಭರ್ತಿಯಾಗಿರಲೇಬೇಕು.

ಇನ್ನು ಪೂರ್ವಪಕ್ಷ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವವರು ಪ್ರತಿ ವಿಚಾರಸಂಕಿರಣದಲ್ಲೂ ಒಬ್ಬರಿರುತ್ತಾರೆ. ಈ ಸಲ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಕೊಟ್ಟವರು ಯಾರು, ಯಾವ ಅರಸನ ಕಾಲ, ಎಷ್ಟು ಭೂಮಿ, ಎಲ್ಲೆ ಎಲ್ಲಿಯವರೆಗೆ ಎಂಬ ಕಾಲಂಗಳೆಲ್ಲ ಭರ್ತಿಯಾಗಿರುತ್ತವೆ. ಅತ್ತಿಮಬ್ಬೆಯ ಕೊಡುಗೆಯನ್ನು 1007ರ ಲಕ್ಕುಂಡಿ ಶಾಸನ ಬ್ಯಾಕಪ್ ಇಲ್ಲದೆ ಸಾವಿರ ವರ್ಷ ಕಾಪಾಡಿದೆ. ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆ ಎಂಬ ಶಾಪಾಶಯವೇ ದಾನಶಾಸನಗಳ ಭದ್ರತಾ ನೀತಿ. ಇದಕ್ಕೆ ಎದುರಾಗಿ, 2020ರಲ್ಲಿ ದಾನಿ ತಂತ್ರಾಂಶದ ಹೆಸರಾಂತ ಕಂಪನಿ ಬ್ಲ್ಯಾಕ್‌ಬಾಡ್‌ಗೆ ಕನ್ನ ಬಿದ್ದು 13,000ಕ್ಕೂ ಹೆಚ್ಚು ಗಿರಾಕಿ ಸಂಸ್ಥೆಗಳ ಮಾಹಿತಿ ಸೋರಿತು. ಕಂಪನಿ ಕಳ್ಳರಿಗೆ ಹಣ ತೆತ್ತಿತು. ಆಮೇಲೆ, ನಡೆದದ್ದನ್ನು ಪೂರ್ತಿ ಹೇಳಲಿಲ್ಲವೆಂಬ ಆರೋಪಕ್ಕೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ 30 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಹುಳುವಾಗುವ ಷರತ್ತು ಒಪ್ಪಂದದಲ್ಲಿರಲಿಲ್ಲ.

ಶಾಸನ ಕೆತ್ತಿದವನಿಗೆ ಬಾರದ ಒಂದು ಕಷ್ಟ ಇಂದಿನ ಗುಮಾಸ್ತನಿಗಿದೆ: ಸೇಲ್ಸ್‌ಫೋರ್ಸ್ ತಂತ್ರಾಂಶದಲ್ಲಿ ಸಂಪರ್ಕ ದಾಖಲಿಸಲು ‘ಲಾಸ್ಟ್ ನೇಮ್’ ಕಡ್ಡಾಯ. ಎಚ್. ಎನ್. ಮೂರ್ತಿ ಎಂಬ ದಾನಿ ಇದ್ದಾರೆಂದು ಇಟ್ಟುಕೊಳ್ಳೋಣ. ಎಚ್ ಎಂದರೆ ಹಾಸನ, ಎನ್ ಎಂದರೆ ಅಪ್ಪ. ಲಾಸ್ಟ್ ನೇಮ್ ಊರೋ, ಅಪ್ಪನೋ, ಸ್ವತಃ ಅವರೋ? ಸೋಮವಾರದ ಸ್ವಯಂಸೇವಕ ಒಂದು ರೀತಿ ತುಂಬಿದ, ಗುರುವಾರದವಳು ಇನ್ನೊಂದು ರೀತಿ. ನವೆಂಬರಿನ ಚೆಕ್ಕಿನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ, ಎರಡು ‘ಓ’. ಒಬ್ಬ ಮೂರ್ತಿ ತ್ರಿಮೂರ್ತಿಯಾದರು. ಯಾವಾಗ ಕೊಟ್ಟ, ಎಷ್ಟು ಸಲ ಕೊಟ್ಟ, ಎಷ್ಟು ಕೊಟ್ಟ ಎಂಬ ಮೂರು ಅಳತೆಗಳಲ್ಲಿ ದಾನಿಯನ್ನು ತೂಗುವ ತಂತ್ರಾಂಶ ಮೂವರಿಗೂ ಬೇರೆ ಬೇರೆ ಅಂಕ ಕೊಟ್ಟು, ಒಬ್ಬರನ್ನು ಲೈಬಂಟ ಪದವಿಗೆ ಏರಿಸಿತು. ಮಾರ್ಚಿನಲ್ಲಿ ‘ಪ್ರಿಯ ಎಚ್, ನಮ್ಮನ್ನು ಮರೆತಿರಾ?’ ಎಂಬ ಪತ್ರ ಹೋಯಿತು.

ಸತ್ಯ ಹೊರಬಿದ್ದದ್ದು ತೆರಿಗೆ ಇಲಾಖೆಯ ಕೃಪೆಯಿಂದ. 2021–22ರ ಆರ್ಥಿಕ ವರ್ಷದಿಂದ, 80ಜಿ ಸೌಲಭ್ಯವುಳ್ಳ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಗುರುತಿನ ಸಂಖ್ಯೆ ಸಮೇತ ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಕೊಡಬೇಕಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪ್ಯಾನ್ ಹಾಕಿದ ಕೂಡಲೇ ಮೂವರು ಮೂರ್ತಿಗಳು ಒಂದಾದರು. ನವೆಂಬರಿನಲ್ಲೇ ಕೊಟ್ಟಾಗಿತ್ತು. ಅಷ್ಟರಲ್ಲಿ ಮೂರ್ತಿಯವರು ಸಿಟ್ಟಾಗಿದ್ದರು, ಸಂಸ್ಥೆ ಕಲಹಾಂತರಿತಾ ಅವಸ್ಥೆಗೆ ಇಳಿದಿತ್ತು. ಜಗಳಾಡಿ ಪಶ್ಚಾತ್ತಾಪ ಪಡುವ ಈ ನಾಯಿಕೆಗೆ ಸಿದ್ಧ ವರದಿಯಿಲ್ಲ. ಕಾರ್ಯದರ್ಶಿಯೇ ಫೋನ್ ಮಾಡಿ, ‘ಸಾರ್, ತಪ್ಪಾಯ್ತು, ನಾಳೆ ಮನೆಗೇ ಬರ್ತೀನಿ’ ಎನ್ನಬೇಕಾಯಿತು.