ಬೀಗ ಭದ್ರ, ಒಡೆಯ ಹೊರಗೆ

ಮನುಷ್ಯನು ತನ್ನ ಸೊತ್ತನ್ನು ಕಳ್ಳರಿಂದ ಕಾಪಾಡಲು ಕಂಡುಕೊಂಡ ಉಪಾಯಗಳಲ್ಲಿ ಹೆಚ್ಚಿನವು ಒಡೆಯನ ವಿಷಯದಲ್ಲಿ ಕೊಂಚ ದಾಕ್ಷಿಣ್ಯವನ್ನು ಉಳಿಸಿಕೊಂಡಿರುತ್ತವೆ. ಬೀರುವಿನ ಕೀಲಿಕೈ ಕಳೆದರೆ ಬೀಗ ರಿಪೇರಿಯವನು ಬರುತ್ತಾನೆ, ಬ್ಯಾಂಕ್ ಲಾಕರಿನದು ಕಳೆದರೆ ಶುಲ್ಕ ಕಟ್ಟಿಸಿಕೊಂಡು ಬ್ಯಾಂಕಿನವರೇ ಒಡೆಸಿಕೊಡುತ್ತಾರೆ, ಮನೆಯ ಬಾಗಿಲೇ ಆದರೆ ಹಂಚು ಸರಿಸಿ ಒಳಗಿಳಿಯಬಲ್ಲ ಹುಡುಗನೊಬ್ಬ ಓಣಿಯಲ್ಲಿ ಸಿಕ್ಕೇ ಸಿಗುತ್ತಾನೆ. ಗೂಢಲಿಪಿಯಲ್ಲಿ ಮುಚ್ಚಿಟ್ಟ ವರ್ಚುವಲ್ ಡ್ರೈವಿಗೆ ಮಾತ್ರ ಈ ದಾಕ್ಷಿಣ್ಯವಿಲ್ಲ. ಅದು ಕಳ್ಳನನ್ನೂ ಒಡೆಯನನ್ನೂ ಸಮದೃಷ್ಟಿಯಿಂದ ಕಾಣುತ್ತದೆ. ಸಮದೃಷ್ಟಿಯು ಯೋಗಿಗಳಲ್ಲಿ ಎಷ್ಟು ಶ್ಲಾಘ್ಯವೋ ಬೀಗಗಳಲ್ಲಿ ಅಷ್ಟೇ ದುಸ್ಸಹವೆಂಬುದು ಪಾಸ್‌ವರ್ಡ್ ಮರೆತವರೆಲ್ಲರೂ ಒಪ್ಪುವ ಮಾತು.

ವರ್ಚುವಲ್ ಡ್ರೈವ್ ಎಂದರೆ ಹಾರ್ಡ್ ಡಿಸ್ಕಿನಲ್ಲಿರುವ ಒಂದು ಫೈಲು; ತಕ್ಕ ತಂತ್ರಾಂಶದಿಂದ ತೆರೆದಾಗ ಕಂಪ್ಯೂಟರು ಅದನ್ನು ಪ್ರತ್ಯೇಕ ಡಿಸ್ಕೆಂದೇ ನಂಬಿ ಮರ್ಯಾದೆ ಕೊಡುತ್ತದೆ, ಮುಚ್ಚಿದಾಗ ಅದು ತಲೆಬುಡವಿಲ್ಲದ ಬೈಟುಗಳ ರಾಶಿಯಾಗಿ ಬಿದ್ದಿರುತ್ತದೆ. 2004ರಲ್ಲಿ ಬಂದ ಟ್ರೂಕ್ರಿಪ್ಟ್ ಎಂಬ ತಂತ್ರಾಂಶವು ಈ ವಿದ್ಯೆಯನ್ನು ಜನಸಾಮಾನ್ಯರ ಕೈಗೆ ಕೊಟ್ಟಿತು; ಹೆಸರು ಹೇಳಿಕೊಳ್ಳದ ಅದರ ಕರ್ತೃಗಳು 2014ರ ಮೇ 28ರಂದು ಕೆಲಸ ನಿಲ್ಲಿಸಿರುವುದಾಗಿ ಸಾರಿ ಮರೆಯಾದರು; ಅದರ ವಂಶವನ್ನು ವೆರಾಕ್ರಿಪ್ಟ್ ಇಂದಿಗೂ ಮುಂದುವರಿಸಿದೆ. ಇಂಥ ಡ್ರೈವುಗಳಲ್ಲಿ ರಾಜ್ಯರಹಸ್ಯಗಳಿರುತ್ತವೆಂದು ಊಹಿಸುವುದು ತಪ್ಪು. ಸಾಮಾನ್ಯ ಗೃಹಸ್ಥನ ಡ್ರೈವಿನಲ್ಲಿ ಸಿಗುವುದು ಪ್ಯಾನ್ ಕಾರ್ಡಿನ ಪ್ರತಿ, ವಿಮೆಯ ರಸೀದಿಗಳು, ಮನೆಯ ಖಾತಾ ಪತ್ರ, ಮಗಳ ಜಾತಕ ಮತ್ತು ಮೂರನೆಯ ಅಧ್ಯಾಯದಲ್ಲಿ ನಿಂತುಹೋದ ಒಂದು ಕಾದಂಬರಿ. ಕದಿಯುವವರಿಲ್ಲದ ಈ ನಿಧಿಗೆ ಅಮೆರಿಕದ ಸರ್ಕಾರವು 2001ರಲ್ಲಿ ತನ್ನ ಮಾನಕವೆಂದು ಸ್ವೀಕರಿಸಿದ ಎಇಎಸ್ ಎಂಬ ಗೂಢಲಿಪಿಯ ಕಾವಲಿರುತ್ತದೆ.

ಡ್ರೈವು ಕೈತಪ್ಪುವ ಬಗೆ ಅರ್ಥವಾಗಬೇಕಾದರೆ ಅದರ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಫೈಲುಗಳನ್ನು ನಿಜವಾಗಿ ಮುಚ್ಚುವುದು ಒಡೆಯನ ಪಾಸ್‌ವರ್ಡಲ್ಲ, ಡ್ರೈವನ್ನು ಸೃಷ್ಟಿಸುವಾಗ ಯಂತ್ರವೇ ಯಾದೃಚ್ಛಿಕವಾಗಿ ಹುಟ್ಟಿಸಿದ ಮೂಲಕೀಲಿ; ಆ ಮೂಲಕೀಲಿಯು ಡ್ರೈವಿನ ಆರಂಭದಲ್ಲಿರುವ ಹೆಡರ್ ಎಂಬ ಚಿಕ್ಕ ಭಾಗದಲ್ಲಿ ಅಡಗಿರುತ್ತದೆ, ಪಾಸ್‌ವರ್ಡು ತೆರೆಯುವುದು ಈ ಹೆಡರನ್ನಷ್ಟೇ. ಹೆಡರಿನ ಗಾತ್ರ 512 ಬೈಟು. ಅದರ ಮೊದಲ 64 ಬೈಟುಗಳು ಪಾಸ್‌ವರ್ಡಿನೊಡನೆ ಬೆರೆಸಲೆಂದೇ ಇಟ್ಟ ಅರ್ಥರಹಿತ ಬೈಟುಗಳಾಗಿದ್ದು, ಇದಕ್ಕೆ ಈ ಶಾಸ್ತ್ರದವರು ಉಪ್ಪೆಂದೇ ಹೆಸರಿಟ್ಟಿದ್ದಾರೆ. ಕೊಟ್ಟ ಪಾಸ್‌ವರ್ಡಿನಿಂದ ಹೆಡರನ್ನು ಬಿಡಿಸಿದಾಗ ನಿರ್ದಿಷ್ಟ ಜಾಗದಲ್ಲಿ "ವೆರಾ" ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಗುರುತು ಕಂಡರೆ ಬಾಗಿಲು ತೆರೆಯುತ್ತದೆ. ಕಾಣದಿದ್ದರೆ, ಪಾಸ್‌ವರ್ಡ್ ತಪ್ಪಿರಬೇಕು ಇಲ್ಲವೆ ಇದು ಡ್ರೈವೇ ಅಲ್ಲದಿರಬೇಕು ಎಂಬರ್ಥದ ಉತ್ತರ ಬರುತ್ತದೆ. ಮರೆತವನಿಗೆ ಇದಕ್ಕಿಂತ ಕ್ರೂರವಾದ ವೇದಾಂತ ಬೇರಿಲ್ಲ. ಬೀಗ ತೆಗೆಯಲು ಬಂದವನನ್ನು ಅದು ಬಾಗಿಲೇ ಇದೆಯೋ ಇಲ್ಲವೋ ಎಂಬ ಜಿಜ್ಞಾಸೆಗೆ ಹಚ್ಚಿ ಸುಮ್ಮನಾಗುತ್ತದೆ.

ಪ್ರವೇಶ ಕಳೆದುಕೊಳ್ಳುವ ಮಾರ್ಗಗಳು ಹಲವು, ಅವುಗಳಲ್ಲಿ ಮರೆವು ಅತ್ಯಂತ ಪ್ರಾಚೀನವಾದದ್ದು. ಬೇಕಾದ ಹೊತ್ತಿಗೆ ಮಂತ್ರ ಮರೆಯುವ ಶಾಪವನ್ನು ಕರ್ಣನಾದರೂ ಪರಶುರಾಮನಿಂದ ಪಡೆದಿದ್ದನು, ಇಂದಿನವರಿಗೆ ಅದು ಗುರುವಿನ ಕೋಪದ ನೆರವಿಲ್ಲದೆಯೇ ಲಭಿಸುತ್ತದೆ. ಎರಡನೆಯದು ಜಾಣತನದ ಮಾರ್ಗ. ಪಾಸ್‌ವರ್ಡಿನ ಜೊತೆಗೆ ಯಾವುದಾದರೊಂದು ಫೈಲನ್ನೂ ಕೀಲಿಯಾಗಿ ಬಳಸುವ ಸೌಲಭ್ಯವಿರುವುದರಿಂದ, ಯಾರಿಗೂ ಸಂಶಯ ಬಾರದಿರಲೆಂದು ಒಬ್ಬನು ಹಾಡಿನ ಎಂಪಿ3 ಫೈಲೊಂದನ್ನು ಆರಿಸಿಕೊಳ್ಳುತ್ತಾನೆ. ಮುಂದೊಂದು ದಿನ ಹಾಡು ನುಡಿಸುವ ತಂತ್ರಾಂಶವು ಗಾಯಕರ ಹೆಸರನ್ನು ತಿದ್ದುವ ಸದುದ್ದೇಶದಿಂದ ಆ ಫೈಲಿನ ಆರಂಭದ ಕೆಲವು ಬೈಟುಗಳನ್ನು ಬದಲಿಸುತ್ತದೆ, ಹಾಡು ಮೊದಲಿನಂತೆಯೇ ಕೇಳಿಸುತ್ತದೆ, ಕೀಲಿ ಮಾತ್ರ ಸತ್ತಿರುತ್ತದೆ. ಮೂರನೆಯದು ವಿನಯದ ಮಾರ್ಗ. ಇಡೀ ಪೆನ್‌ಡ್ರೈವನ್ನೇ ಗೂಢಲಿಪಿಗೆ ಒಳಪಡಿಸಿದ್ದಾಗ ವಿಂಡೋಸ್ ಅದನ್ನು ಗುರುತಿಸಲಾರದೆ, ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕೆಂದು ತಿಳಿಸಿ ಒಪ್ಪಿಗೆ ಕೇಳುತ್ತದೆ, ಕೇಳಿದ್ದಕ್ಕೆಲ್ಲ ಹೂಂಗುಟ್ಟುವ ಅಭ್ಯಾಸವಿರುವ ಸಜ್ಜನನು ಇದಕ್ಕೂ ಹೂಂಗುಟ್ಟಿ ಹೆಡರನ್ನು ಕಳೆದುಕೊಳ್ಳುತ್ತಾನೆ. ನಾಲ್ಕನೆಯದರಲ್ಲಿ ಯಾರ ತಪ್ಪೂ ಇಲ್ಲ. ಹಳೆಯ ಟ್ರೂಕ್ರಿಪ್ಟ್ ಡ್ರೈವುಗಳನ್ನು ತೆರೆಯುವ ಶಕ್ತಿಯನ್ನು ವೆರಾಕ್ರಿಪ್ಟ್ ತನ್ನ 1.26ನೆಯ ಆವೃತ್ತಿಯಲ್ಲಿ ಕೈಬಿಟ್ಟಿರುವುದರಿಂದ, ಸರಿಯಾದ ಪಾಸ್‌ವರ್ಡನ್ನೇ ಕೊಟ್ಟವನೂ ಹೊಸ ತಂತ್ರಾಂಶದಿಂದ ಸುಳ್ಳುಗಾರನೆನಿಸಿಕೊಳ್ಳುತ್ತಾನೆ, 1.25.9 ಎಂಬ ಹಳೆಯ ಆವೃತ್ತಿಯನ್ನು ಹುಡುಕಿ ತಂದರೆ ಅವನ ಮಾನ ಉಳಿಯುತ್ತದೆ.

ಪರಿಹಾರಗಳ ಪೈಕಿ ಅತ್ಯಂತ ಸುಲಭವಾದದ್ದನ್ನು ತಂತ್ರಾಂಶವೇ ಮೊದಲೇ ಮಾಡಿಟ್ಟಿರುತ್ತದೆ. ಹೆಡರಿನ ಒಂದು ಮೀಸಲು ಪ್ರತಿಯು ಡ್ರೈವಿನ ಕೊನೆಯಲ್ಲಿರುವುದರಿಂದ, ತಲೆ ಕೆಟ್ಟ ಡ್ರೈವನ್ನು ಬಾಲದಿಂದ ಬದುಕಿಸುವುದು ಸಾಧ್ಯ. ಇದಕ್ಕಿಂತ ಸ್ವಾರಸ್ಯವಾದದ್ದು ಬೇರೆಡೆ ಉಳಿಸಿಟ್ಟ ಹಳೆಯ ಹೆಡರಿನ ಮಹಿಮೆ. ಪಾಸ್‌ವರ್ಡ್ ಬದಲಿಸಿದಾಗ ಮೂಲಕೀಲಿ ಬದಲಾಗದೆ ಅದರ ಹೊದಿಕೆಯಷ್ಟೇ ಬದಲಾಗುವುದರಿಂದ, ಹಳೆಯ ಹೆಡರನ್ನು ಮರಳಿ ಕೂರಿಸಿದರೆ ಹಳೆಯ ಪಾಸ್‌ವರ್ಡಿನಿಂದಲೇ ಡ್ರೈವು ತೆರೆಯುತ್ತದೆ. ಭದ್ರತೆಯ ಪಂಡಿತರು ಇದನ್ನು ದೋಷವೆಂದು ಎಚ್ಚರಿಸುತ್ತಾರೆ. ಹೆಚ್ಚಿನ ಭದ್ರತೆಗೆಂದು ಕಳೆದ ತಿಂಗಳು ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಮರೆತು, ಹಳೆಯದನ್ನು ಮಾತ್ರ ನಿದ್ದೆಯಲ್ಲೂ ಹೇಳಬಲ್ಲವನಿಗೆ ಆ ದೋಷವೇ ಪರಮಾನುಗ್ರಹ.

ಎರಡೂ ಇಲ್ಲದಿದ್ದರೆ ಉಳಿಯುವುದು ಊಹೆ. ಊಹಿಸುವವರನ್ನು ದಣಿಸಲೆಂದೇ ವೆರಾಕ್ರಿಪ್ಟ್ ಒಂದೊಂದು ಪಾಸ್‌ವರ್ಡನ್ನೂ ಸಾಮಾನ್ಯವಾಗಿ 5,00,000 ಸಲ ಅರೆದ ಬಳಿಕವೇ ಪರೀಕ್ಷಿಸುತ್ತದೆ. ಯಾದೃಚ್ಛಿಕವಾಗಿ ಆರಿಸಿದ ಹತ್ತು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡಿಗೆ ಸುಮಾರು 141 ಲಕ್ಷ ಕೋಟಿ ಸಾಧ್ಯತೆಗಳಿದ್ದು, ಸೆಕೆಂಡಿಗೊಂದರಂತೆ ಯತ್ನಿಸಿದರೆ ಎಲ್ಲವೂ ಮುಗಿಯಲು ಸುಮಾರು 44.7 ಲಕ್ಷ ವರ್ಷ ಬೇಕು. ಪುರಾಣದ ಮಹಾಯುಗವೇ 43.2 ಲಕ್ಷ ವರ್ಷದ್ದಾದ್ದರಿಂದ, ಕೃತಯುಗದ ಆದಿಯಲ್ಲಿ ಕುಳಿತವನು ಕಲಿಯುಗ ಮುಗಿದರೂ ಕೀಲಿಮಣೆಯ ಮುಂದಿನಿಂದ ಏಳುವಂತಿಲ್ಲ. ಸಾವಿರ ಯಂತ್ರಗಳನ್ನು ಕೂಡಿಸಿದರೂ ನಾಲ್ಕು ಸಾವಿರ ವರ್ಷ ದಾಟುತ್ತದೆ.

ಅದೃಷ್ಟವಶಾತ್ ಕನ್ನಡಿಗರು ಯಾದೃಚ್ಛಿಕ ಅಕ್ಷರಗಳನ್ನು ಇಡುವವರಲ್ಲ, ಮಕ್ಕಳ ಹೆಸರನ್ನು ಇಡುವವರು. ಇಲ್ಲಿನ ತೊಡಕೆಂದರೆ ಹೆಸರು ನೆನಪಿದ್ದರೂ ಇಂಗ್ಲಿಷಿನಲ್ಲಿ ಅದನ್ನು ಬರೆದ ರೀತಿ ನೆನಪಿರುವುದಿಲ್ಲ. ಗೀತಾಲಕ್ಷ್ಮಿ ಎಂಬಲ್ಲಿ ಗೀಕಾರಕ್ಕೆ ಒಂದು ಐ ಹಾಕಿತ್ತೋ ಎರಡು ಇ ಹಾಕಿತ್ತೋ, ತಕಾರಕ್ಕೆ ಬರಿಯ ಟಿ ಸಾಕಾಗಿತ್ತೋ ದಕ್ಷಿಣದ ಪದ್ಧತಿಯಂತೆ ಎಚ್ ಕೂಡ ಸೇರಿತ್ತೋ, ದೀರ್ಘಕ್ಕೆ ಒಂದು ಎ ಇತ್ತೋ ಎರಡೋ, ಕ್ಷಕಾರವನ್ನು ಮೂರು ಅಕ್ಷರಗಳಲ್ಲಿ ಬಿಡಿಸಲಾಗಿತ್ತೋ ಒಂದೇ ಎಕ್ಸಿನಲ್ಲಿ ಮುಗಿಸಲಾಗಿತ್ತೋ, ಕೊನೆಗೆ ಐ ಇತ್ತೋ ವೈ ಇತ್ತೋ ಎಂಬ ಐದು ಸಂದೇಹಗಳಿಂದ 32 ರೂಪಗಳು ಹುಟ್ಟುತ್ತವೆ. ಮೊದಲಕ್ಷರ ದೊಡ್ಡದೋ ಚಿಕ್ಕದೋ, ಹುಟ್ಟಿದ ವರ್ಷ ನಾಲ್ಕಂಕಿಯೋ ಎರಡಂಕಿಯೋ, ನಡುವೆ ಅಟ್ ಚಿಹ್ನೆ ಇತ್ತೋ ಇಲ್ಲವೋ ಎಂದು ಸೇರಿಸಿದರೆ ಅವು 256 ಆಗುತ್ತವೆ. ಮಹಾಯುಗದ ಮುಂದೆ 256 ಎಂದರೆ ಒಂದು ಕಾಫಿಯ ಹೊತ್ತು. ಈ ಪಟ್ಟಿಯನ್ನು ಹ್ಯಾಶ್‌ಕ್ಯಾಟ್‌ನಂತಹ ತಂತ್ರಾಂಶಕ್ಕೆ ಕೊಟ್ಟರೆ ಬೇಸರವಿಲ್ಲದೆ ಒಂದೊಂದನ್ನೂ ಪರೀಕ್ಷಿಸುತ್ತದೆ. ಮರೆತದ್ದು ಪೂರ್ತಿ ಮರೆತಿರದಿದ್ದರೆ ಮಾತ್ರ ಮರಳಿ ಸಿಗುತ್ತದೆ ಎಂಬುದೇ ಈ ವಿಧಾನದ ಸಾರ.

ಸಿಗದಿದ್ದವರು ತಮ್ಮನ್ನು ತಾವೇ ಹಳಿದುಕೊಳ್ಳಬೇಕಾಗಿಲ್ಲ. 2008ರಲ್ಲಿ ಬ್ರೆಜಿಲಿನ ಪೊಲೀಸರು ಡೇನಿಯಲ್ ಡಾಂಟಾಸ್ ಎಂಬ ಬ್ಯಾಂಕರನ ಹಾರ್ಡ್ ಡಿಸ್ಕುಗಳನ್ನು ವಶಪಡಿಸಿಕೊಂಡರು. ಆ ಕಾರ್ಯಾಚರಣೆಗೆ ಅವರು ಇಟ್ಟಿದ್ದ ಹೆಸರು ಸತ್ಯಾಗ್ರಹ. ಟ್ರೂಕ್ರಿಪ್ಟ್ ಮೊದಲಾದವುಗಳಿಂದ ಮುಚ್ಚಿದ್ದ ಆ ಡಿಸ್ಕುಗಳ ಮುಂದೆ ಅಲ್ಲಿನ ಅಪರಾಧಶಾಸ್ತ್ರ ಸಂಸ್ಥೆಯವರು ಐದು ತಿಂಗಳು, ಬಳಿಕ ಅಮೆರಿಕದ ಎಫ್‌ಬಿಐಯವರು ಒಂದು ವರ್ಷ ಕುಳಿತರು, 2010ರಲ್ಲಿ ಬರಿಗೈಯಲ್ಲಿ ಹಿಂದಿರುಗಿಸಿದರು. ನಿಜವಾದ ಸತ್ಯಾಗ್ರಹವನ್ನು ಆಚರಿಸಿದ್ದು ಡಿಸ್ಕುಗಳೇ. ಎಫ್‌ಬಿಐಗೆ ಒಲಿಯದ ಬಾಗಿಲು, ನೂರಕ್ಕೆ ನೂರು ಖಾತರಿಯೆಂದು ಫಲಕ ಹಾಕಿಕೊಂಡು ಮುಂಗಡ ಕೇಳುವ ಅಂಗಡಿಗೆ ಒಲಿಯುವುದೆಂಬ ನಂಬಿಕೆಯನ್ನು ಬಿಡುವುದು ಲೇಸು.

ಹಾಗಿದ್ದರೂ ಕಳೆದ ಫೈಲುಗಳು ಎಷ್ಟೋ ಸಲ ಸಿಕ್ಕಿಬಿಡುತ್ತವೆ, ಡ್ರೈವಿನಲ್ಲಲ್ಲ, ಅದರ ಹೊರಗೆ. ಪ್ಯಾನ್ ಕಾರ್ಡನ್ನು ಲೆಕ್ಕಪರಿಶೋಧಕರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಲಾಗಿರುತ್ತದೆ, ಜಾತಕ ವಧೂವರರ ಕೇಂದ್ರದ ಮೂಲಕ ಹತ್ತಾರು ಮನೆಗಳಲ್ಲಿ ಹಂಚಿಹೋಗಿರುತ್ತದೆ, ಕಾದಂಬರಿಯ ತುಣುಕುಗಳು ವರ್ಡ್ ತಂತ್ರಾಂಶವು ತಾನಾಗಿ ಉಳಿಸಿದ ಪ್ರತಿಗಳಲ್ಲಿ ಜೀವಂತವಾಗಿರುತ್ತವೆ. ಒಡೆಯನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಬಳಿಯೂ ಇರುವ ಸಂಗತಿಯನ್ನು ರಹಸ್ಯವೆಂದು ಕರೆಯಬಹುದೇ ಎಂಬುದನ್ನು ತರ್ಕಶಾಸ್ತ್ರಜ್ಞರಿಗೆ ಬಿಡಬೇಕು.

ಆದ್ದರಿಂದ ಇಂಥ ಡ್ರೈವನ್ನು ಇಟ್ಟುಕೊಂಡವರು ಮಾಡಬೇಕಾದದ್ದು ಮೂರೇ. ಪಾಸ್‌ವರ್ಡಿನ ಸಂಶಯ ಬಂದಾಗ ಡ್ರೈವು ಇನ್ನೂ ತೆರೆದೇ ಇದ್ದರೆ ಕಂಪ್ಯೂಟರನ್ನು ಆರಿಸದೆ ಮೊದಲು ಫೈಲುಗಳನ್ನು ಹೊರಗೆ ನಕಲಿಸಿಕೊಳ್ಳಬೇಕು. ಹೆಡರಿನ ಪ್ರತಿಯೊಂದನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಡಬೇಕು. ಪಾಸ್‌ವರ್ಡನ್ನು ಬಳಸಿದ ಅಕ್ಷರಗಳಲ್ಲೇ ಕಾಗದದ ಮೇಲೆ ಬರೆದು ಮನೆಯ ಕ್ರಯಪತ್ರದೊಡನೆ ಇರಿಸಬೇಕು, ಮತ್ತು ಆ ಕಾಗದ ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗಾದರೂ ಇಂದೇ ಹೇಳಿಡಬೇಕು.